ಮೂಸದೆ ಕಿತ್ತ ಸಂಪಿಗೆ

ಕೂತ್ಕಳ್ರವ್ವಾ, ಕೂತ್ಕಳಿ. ಹುಣಸೆಹಣ್ಣು ಕೈಲಿರಲಿ, ಕಿವಿ ಇತ್ತಗಿರಲಿ. ಬೀಜ ಬಿಡಿಸೋ ಕೈ ನಿಂತರೆ ಈ ಮನೆ ಗೌಡಮ್ಮ ನನ್ನ ಬಯ್ತಾಳೆ, ಕತೆ ನಿಂತರೆ ನೀವು ಬಯ್ತೀರಿ. ಒಬ್ಬರು ಹೂಂಗುಟ್ಟಬೇಕು. ಯಾರು? ನೀನಾ? ಸರಿ. ನಿದ್ದೆ ಬಂದ್ರೂ ಹೂಂ ಅನ್ನು, ಬಾಯಿ ಮುಚ್ಚಬ್ಯಾಡ.

ಒಂದಲ್ಲ ಒಂದು ಕಾಲ. ಯಾವ ಕಾಲ ಅಂತ ಕೇಳಬ್ಯಾಡಿ. ಆಗ ನಾನಿರಲಿಲ್ಲ, ನಿಮ್ಮಜ್ಜೀನೂ ಇರಲಿಲ್ಲ. ಒಂದಲ್ಲ ಒಂದು ಊರು. ಆ ಊರಿಗೆ ಹೆಸರೇನೋ ಇತ್ತು. ಹೇಳಿದ್ರೆ ಆ ಊರೋರು ಜಗಳಕ್ಕೆ ಬತ್ತಾರೆ, ಬಿಡಿ. ಆ ಊರಿಗೆ ಒಬ್ಬಳು ಸೊಸೆ ಬಂದ್ಲು. ಹೊಂಬಾಳಿ ಅಂತ ಹೆಸರು. ಇನ್ನೂ ಸೆರಗು ನಿಲ್ಲದ ವಯಸ್ಸು. ಅಪ್ಪ ಇಲ್ಲ, ಅಣ್ಣ ತಮ್ಮ ಅನ್ನೋರಿಲ್ಲ. ಇದ್ದೋಳು ಅವ್ವ ಒಬ್ಬಳೇ.

ಕಳಿಸಿಕೊಡೋ ದಿನ ಆ ಅವ್ವ ಏನು ಕೊಟ್ಟಾಳು? ಚಿನ್ನ ಇತ್ತಾ? ಇಲ್ಲ. ಬೆಳ್ಳಿ ಇತ್ತಾ? ಇಲ್ಲ. ಹಿತ್ತಲಲ್ಲಿ ಒಂದು ಸಂಪಿಗೆ ಮರ ಇತ್ತು. ಅದರ ಕಾಯಿ ಒಡೆದು ಕೆಂಪು ಬೀಜ ಕಾಣ್ತಿತ್ತು. ಹಿಡಿ ಬೀಜ ತಂದು ಮಗಳ ಸೆರಗಿಗೆ ಕಟ್ಟಿದ್ಲು.

"ಈ ಕೆಂಪು ಸಿಪ್ಪೇನ ಬೂದಿ ಹಾಕಿ ಉಜ್ಜಿ ತೆಗಿ ಮಗಾ. ತೆಗೀದೆ ಹಾಕಿದ್ರೆ ಹುಟ್ಟಾಕಿಲ್ಲ. ಒಣಗಕ್ಕೆ ಬಿಡಬ್ಯಾಡ, ಹೋದ ದಿನವೇ ಹಾಕು" ಅಂದ್ಲು.

ಹೊಂಬಾಳಿ ಹೋದ ದಿನವೇ ಹಾಕಿದ್ಲು. ಹೊಸ ಸೊಸೆ ಮನೆ ನೋಡಲಿಲ್ಲ, ಅಟ್ಟ ನೋಡಲಿಲ್ಲ, ಹಿತ್ತಲಿಗೆ ಹೋಗಿ ಬೂದಿ ಕೇಳಿದ್ಲು. ಊರೆಲ್ಲ ನಕ್ಕಿತು.

ಅತ್ತೆ ಹೆಸರು ಸಾಕವ್ವ. ಗಂಡನ ಹೆಸರು ಮರಿದ್ಯಾವ. ಗಂಡನ ಬಗ್ಗೆ ಏನು ಹೇಳಲಿ? ಒಳ್ಳೆಯವನು. ಕುಡೀತಿರಲಿಲ್ಲ, ಹೊಡೀತಿರಲಿಲ್ಲ, ಮಾತೂ ಆಡ್ತಿರಲಿಲ್ಲ. ಇಂಥ ಒಳ್ಳೆಯವರು ನಿಮ್ಮನೇಲೂ ಒಬ್ಬೊಬ್ಬ ಇರಬೌದು. ಏನ್ರೇ, ನಗ್ತೀರಿ?

ಹಾಕಿದ ಬೀಜ ಒಂದು ತಿಂಗಳಾಯ್ತು, ಹುಟ್ಟಲಿಲ್ಲ. ಎರಡು ತಿಂಗಳಾಯ್ತು, ಆಗ ಮೂರು ಸಸಿ ಎದ್ದವು. ಒಂದನ್ನ ಮೇಕೆ ತಿಂತು. ಒಂದು ಬಚ್ಚಲ ನೀರು ನಿಂತು ಕೊಳೀತು. ಉಳಿದದ್ದು ಒಂದೇ ಒಂದು. ಅದರ ಸುತ್ತ ಹೊಂಬಾಳಿ ಮುಳ್ಳು ಕಟ್ಟಿದ್ಲು, ಬೇಸಿಗೇಲಿ ನೆರಳು ಕಟ್ಟಿದ್ಲು, ಬಾವಿಯಿಂದ ಹೊತ್ತು ನೀರು ಹಾಕಿದ್ಲು.

ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೇರೆಲ್ಲ ತವರಿಗೆ ಹೊರಟರು. ಗಾಡಿ ಮೇಲೆ ಗಾಡಿ. ಹೊಂಬಾಳಿ ಬಾಗಿಲಲ್ಲಿ ನಿಂತು ನೋಡಿದ್ಲು, ಒಳಕ್ಕೆ ಬಂದು ಕೇಳಿದ್ಲು.

"ಅತ್ತೆಮ್ಮ, ಎಲ್ಲರೂ ಹೋಗ್ತಾವ್ರೆ. ನಾನು ಯಾವಾಗ ಹೋಗಲಿ?"

ಸಾಕವ್ವ ರಾಗಿ ಬೀಸ್ತಾ ಇದ್ಲು. ಅಲ್ಲ, ಬೀಸ್ತಿರಲಿಲ್ಲ, ಬೀಸೋಳ ಕಾಯ್ತಾ ಕೂತಿದ್ಲು. ಅವಳ ಸೊಂಟಕ್ಕೆ ಸೊಸೆ ಬಂದ ಮೇಲೆ ಮೊದಲ ಸಲ ನೆಮ್ಮದಿ ಸಿಕ್ಕಿತ್ತು. ಕಳಿಸಿದ್ರೆ ಆ ನೆಮ್ಮದಿ ಗಾಡಿ ಹತ್ತಿ ಹೋಯ್ತದಲ್ಲ? ಹಿತ್ತಲ ಕಡೆ ನೋಡಿದ್ಲು, ಗೇಣುದ್ದದ ಸಸಿ ಕಾಣ್ತು.

"ನೆಟ್ಟಿದ್ದೀಯಲ್ಲ ಸಂಪಿಗೆ? ಅದು ಹೂ ಬಿಡಲಿ. ಮೊದಲ ಹೂವ ನಮ್ಮ ಮನೆದೇವರಿಗೆ ಏರಿಸು. ಎರಡನೇ ಹೂವ ಕೈಲಿ ಹಿಡ್ಕೊಂಡು ನಿಮ್ಮವ್ವನ ಮನೆಗೆ ಹೋಗು. ನಾನೇ ಮಡಿಲಕ್ಕಿ ಕಟ್ಟಿ ಕಳಿಸ್ತೀನಿ" ಅಂದ್ಲು.

ಹೊಂಬಾಳಿಗೆ ಖುಷಿಯೋ ಖುಷಿ! ಯಾಕೆ ಅಂತೀರಾ? ತವರಲ್ಲಿದ್ದ ಮರಾನ ಅವಳು ದೊಡ್ಡದಾಗೇ ಕಂಡೋಳು. ಅವಳು ಹುಟ್ಟೋ ಮೊದಲೇ ಅದು ಹೂ ಬಿಡ್ತಿತ್ತು. ಬೀಜ ಹಾಕಿದ ಸಂಪಿಗೆ ಎಷ್ಟು ವರ್ಷಕ್ಕೆ ಹೂ ಬಿಡ್ತದೆ ಅಂತ ಅವಳಿಗೇನು ಗೊತ್ತು? ಅವರೆ ಗಿಡದ ಲೆಕ್ಕ ಹಾಕಿದ್ಲು ಪಾಪದ್ದು. ಮುಂದಿನ ಆಷಾಢಕ್ಕೆ ಹೋಗೇ ಹೋಯ್ತೀನಿ ಅಂದ್ಕೊಂಡ್ಲು. ಸಾಕವ್ವಂಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಅವ್ವನೇ ಬರಬಾರದಾ ಅಂತ ಕೇಳ್ತಾ ಇದ್ದೀಯಾ? ಬರೋ ಹಾಗಿಲ್ಲ ಕಣೇ. ಮಗಳು ಒಂದು ಸಲ ತವರಿಗೆ ಬಂದು ಹೋಗೋವರೆಗೂ ಹೆತ್ತೋಳು ಬೀಗರ ಹೊಸಲು ತುಳಿಯೋ ಹಾಗಿಲ್ಲ. ಆ ಸೀಮೆ ಕಟ್ಟಳೆ ಅದು. ಕಟ್ಟಳೆ ಮಾಡಿದೋರು ಯಾರು? ಅವರ ಬಾಯಿಗೆ ಮಣ್ಣು ಹಾಕ. ಮುಂದಕ್ಕೆ ಕೇಳಿ.

ಒಂದು ವರ್ಷ ಹೋಯ್ತು. ಗಿಡ ಮೊಣಕಾಲಿಗೆ ಬಂತು. ಮೂರು ವರ್ಷ ಹೋಯ್ತು. ಗಿಡ ತಲೆ ಮೇಲೆ ಬಂತು. ಐದು ವರ್ಷ ಹೋಯ್ತು. ಗಿಡ ಸೂರು ಮುಟ್ಟಿತು. ಹೂವಿಲ್ಲ. ಹೊಂಬಾಳಿಗೆ ಮಕ್ಕಳು ಮರಿ ಏನೂ ಆಗಲಿಲ್ಲ, ಆ ಗಿಡವೇ ಅವಳ ಪಾಲಿಗೆ ಎಲ್ಲಾ. ಗಂಡನ್ನ ಕೇಳಿದ್ಲು, "ಒಂದು ಸಲ ಕರ್ಕೊಂಡು ಹೋಗಿ. ಹೊತ್ತು ಮುಳುಗೋ ಹೊತ್ತಿಗೆ ವಾಪಸ್ ಬಂದುಬಿಡಾನ." ಗಂಡ ಏನಂದ?

"ಅವ್ವ ಹೇಳೈತಲ್ಲ."

ಅಷ್ಟೇ. ತವರು ದೂರವಾ? ಎರಡು ಗುಡ್ಡ, ಒಂದು ಹಳ್ಳ. ಬೆಳಿಗ್ಗೆ ರೊಟ್ಟಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬೌದು.

ಆ ಕಡೆಯಿಂದ ಈ ಕಡೆಗೆ ವರ್ಷಕ್ಕೊಂದು ಸಲ ಚೌಡಪ್ಪ ಬತ್ತಿದ್ದ. ಉಪ್ಪು ಸುಣ್ಣ ಮಾರೋನು, ಎರಡು ಕತ್ತೆ ಹೊಡ್ಕೊಂಡು. ಅವನೇ ಸುದ್ದಿ ತರೋನು.

"ಚೌಡಣ್ಣ, ನಮ್ಮವ್ವ ಹೆಂಗವ್ಳೆ?"

"ಮಂಡಿ ನೋವು ಕಣವ್ವ. ನೀನು ಯಾವಾಗ ಬತ್ತೀಯಾ ಅಂತ ಕೇಳ್ತಾವ್ಳೆ."

"ಹೂ ಬಿಟ್ಟ ತಕ್ಷಣ ಬತ್ತೀನಿ ಅನ್ನು."

ಏಳನೇ ವರ್ಷ. ಒಂದು ಬೆಳಿಗ್ಗೆ ಹೊಂಬಾಳಿ ಕಸ ಗುಡಿಸ್ತಾ ಇದ್ಲು, ಗಮ್ ಅಂತ ಬಂತು! ಸಂಪಿಗೆ ಹಂಗೇ ಅಲ್ವಾ? ಮೊದಲು ವಾಸನೆ ಬತ್ತದೆ, ಆಮೇಲೆ ಹೂವು ಎಲ್ಲೈತೆ ಅಂತ ಹುಡುಕಬೇಕು. ಪೊರಕೆ ಬಿಸಾಕಿ ಓಡಿದ್ಲು. ಎಲೆ ಮರೇಲಿ ಒಂದೇ ಒಂದು ಹೂವು, ಹೊಂಬಣ್ಣದ್ದು. ಮರ ಹತ್ತಿದ್ಲು. ಸಂಪಿಗೆ ಕೊಂಬೆ ನಂಬೋ ಹಾಗಿಲ್ಲ, ಲಟಕ್ಕನೆ ಮುರೀತದೆ. ಕಾಲು ತರಚಿಕೊಂಡು ಹತ್ತಿ ಕಿತ್ತಳು. ಕಿತ್ತೋಳು ಏನು ಮಾಡಿದ್ಲು? ಏಳು ವರ್ಷ ನೀರು ಹೊತ್ತೋಳು. ನೀವಾಗಿದ್ರೆ ಏನು ಮಾಡ್ತಿದ್ರಿ? ಮೂಗಿಗೆ ಹಿಡ್ಕೊಂಡು ಕಣ್ಣು ಮುಚ್ಚಿಕೊಂಡ್ಲು.

"ಅಯ್ಯಯ್ಯೋ! ಮೂಸಿಬಿಟ್ಟೆಯಲ್ಲೇ!"

ಬಚ್ಚಲ ಬಾಗಿಲಲ್ಲಿ ಸಾಕವ್ವ ನಿಂತಿದ್ಲು.

ಮೂಸಿದ ಹೂವ ದೇವರಿಗೆ ಏರಿಸ್ತಾರಾ? ಇಲ್ಲ. ಅದು ಎಲ್ಲರಿಗೂ ಗೊತ್ತಿರೋದೇ. ಹೊಂಬಾಳಿಗೂ ಗೊತ್ತಿತ್ತು. ಆ ಗಳಿಗೇಲಿ ಮರೆತ್ಲು.

"ನಾಳೆ ಇನ್ನೊಂದು ಬಿಡ್ತದೆ ಅತ್ತೆಮ್ಮ, ಅದನ್ನ ಏರಿಸ್ತೀನಿ."

"ವರ್ಷದ ಮೊದಲ ಹೂವೇ ಮನೆದೇವರಿಗೆ. ಎರಡನೇದು ಯಾರು ಬೇಕಾದ್ರೂ ಮುಡಿಯೋದು. ಅದನ್ನ ದೇವರಿಗೆ ಇಟ್ಟು ಮನೆ ಹಾಳು ಮಾಡ್ತೀಯಾ? ಮುಂದಿನ ವರ್ಷ ನೋಡಾನ."

ಗಂಡನ ಮುಖ ನೋಡಿದ್ಲು. "ಅವ್ವ ಹೇಳೈತಲ್ಲ" ಅಂದ.

ಆ ವರ್ಷ ಮರದ ತುಂಬ ಹೂವು. ಸಾಕವ್ವ ಮುಡಿದ್ಲು, ಬೀದಿಗೆಲ್ಲ ಹಂಚಿದ್ಲು, "ನಮ್ಮನೆ ಸಂಪಿಗೆ" ಅಂತ ಹೇಳ್ಕೊಂಡು ತಿರುಗಿದ್ಲು. ಹೊಂಬಾಳಿ ಒಂದು ಹೂವನ್ನೂ ಮುಟ್ಟಲಿಲ್ಲ. ಚೌಡಪ್ಪ ಬಂದ.

"ಚೌಡಣ್ಣ, ನಮ್ಮವ್ವ ಹೆಂಗವ್ಳೆ?"

"ಕಣ್ಣು ಮಂಜಾಗೈತೆ ಕಣವ್ವ. ಜನರನ್ನ ಗುರುತು ಹಿಡಿಯಾಕಿಲ್ಲ. ನೀನು ಯಾವಾಗ ಬತ್ತೀಯಾ ಅಂತ ಕೇಳ್ತಾವ್ಳೆ."

"ಮುಂದಿನ ವರ್ಷ ಬಂದೇ ಬತ್ತೀನಿ ಅನ್ನು."

ಎಂಟನೇ ವರ್ಷ. ಗಮ್ ಅಂತ ಬಂತು. ಈ ಸಲ ಹೊಂಬಾಳಿ ಓಡಲಿಲ್ಲ. ತಣ್ಣೀರು ಹುಯ್ಕೊಂಡ್ಲು, ಒಗೆದ ಸೀರೆ ಉಟ್ಟಳು, ಮೂಗು ಬಾಯಿಗೆ ಮೂರು ಸುತ್ತು ಬಟ್ಟೆ ಬಿಗಿದ್ಲು. ಉಸಿರು ಬಿಗಿ ಹಿಡಿದು ಮರ ಹತ್ತಿ, ಹೂವ ಕಿತ್ತು, ಬಾಳೆ ಎಲೇಲಿ ಸುತ್ತಿ, ಕೈ ಮುಂದಕ್ಕೆ ಚಾಚಿ ಹಿಡ್ಕೊಂಡು ಬಂದ್ಲು. ಪಕ್ಕದ ಮನೆಯೋಳು ಬೇಲಿ ಮೇಲಿಂದ ನೋಡಿ, "ಏನೇ ಇದು, ಹಾವು ಹಿಡ್ಕೊಂಡು ಬಂದಂಗೆ ಬತ್ತಿದ್ದೀಯಾ!" ಅಂತ ನಕ್ಕು, ಹಿಂದೆಯೇ ಒಳಕ್ಕೆ ಬಂದ್ಲು.

ದೇವರ ಮುಂದೆ ಸಾಕವ್ವ ದೀಪ ಹಚ್ಚಿ ಕೂತಿದ್ಲು.

"ದೀಪ ಮುಟ್ಟಿ ಹೇಳು. ಮೂಸಿದೆಯಾ?"

"ಇಲ್ಲ ಅತ್ತೆಮ್ಮ. ನೋಡಿ, ಬಟ್ಟೆ ಕಟ್ಟೀನಿ."

"ಮೂಗಿಗೆ ವಾಸನೆ ಬಂತೋ ಇಲ್ವೋ? ಅದನ್ನ ಹೇಳು."

ಹೊಂಬಾಳಿ ದೀಪದ ಮೇಲೆ ಕೈ ಇಟ್ಟಳು. ಬಂದಿತ್ತು ಕಣ್ರವ್ವ. ಬರದೆ ಇರ್ತದಾ? ಸಂಪಿಗೆ ಅದು, ದಾಸವಾಳ ಅಲ್ಲ. ಒಂದು ಸುಳ್ಳು ಹೇಳಿದ್ರೆ ತವರು ಸಿಕ್ತಿತ್ತು. ದೀಪದ ಮೇಲೆ ಕೈ ಇತ್ತು, ನಾಲಿಗೆ ಏಳಲಿಲ್ಲ.

"ಬಂತು ಅತ್ತೆಮ್ಮ."

"ವಾಸನೆ ತಗೊಂಡ ಮೇಲೆ ಮೂಸಿದಂಗೇ ಆಯ್ತಲ್ಲ!"

ಪಕ್ಕದ ಮನೆಯೋಳಿಗೆ ನಗು ನಿಂತುಹೋಯ್ತು. "ಏನು ಸಾಕವ್ವಾ, ಹಂಗಾದ್ರೆ ಬೀದಿಯೋರೆಲ್ಲ ಮೂಸಿದಂಗೇ ಆಯ್ತಲ್ಲ? ನಿನ್ನ ಮೂಗಿಗೆ ಬರಲಿಲ್ವಾ?" ಅಂದ್ಲು.

"ಬೀದಿಯೋರು ಹೂವ ಏರಿಸಾಕೆ ಬಂದಿಲ್ಲ. ನಾನೂ ಬಂದಿಲ್ಲ. ಏರಿಸೋಳು ಅವಳು" ಅಂದ್ಲು ಸಾಕವ್ವ.

ನೋಡಿ, ಹೆಂಗೈತೆ ನ್ಯಾಯ! ಕೆಲವರು ಹೇಳ್ತಾರೆ, ಸಾಕವ್ವನೂ ಸೊಸೆಯಾಗಿದ್ದೋಳೇ, ಅವಳನ್ನೂ ಅವಳ ಅತ್ತೆ ತವರಿಗೆ ಕಳಿಸಿರಲಿಲ್ಲ, ಅದಕ್ಕೇ ಹಂಗಾದ್ಲು ಅಂತ. ನಾನು ಒಪ್ಪಾಕಿಲ್ಲ. ಸುಟ್ಟ ಕೈ ಇರೋಳಿಗೆ ಬೆಂಕಿ ಹೆಂಗಿರ್ತದೆ ಅಂತ ಗೊತ್ತಿರಬೇಕು. ಗೊತ್ತಿದ್ದೂ ಮಾಡಿದ್ರೆ ಅವಳನ್ನ ಏನಂತ ಕರೀಬೇಕೋ ನೀವೇ ಕರೀರಿ, ನನ್ನ ಬಾಯಲ್ಲಿ ಹೇಳಿಸಬ್ಯಾಡಿ.

ಮರಿದ್ಯಾವ ಕಂಬಕ್ಕೆ ಒರಗಿ ನಿಂತಿದ್ದ. ಹೊಂಬಾಳಿ ಈ ಸಲ ಅವನ್ನ ಕೇಳಲಿಲ್ಲ. ಕೇಳದೇ ಇದ್ರೂ ಹೇಳಿದ, "ಅವ್ವ ಹೇಳೈತಲ್ಲ."

ಚೌಡಪ್ಪ ಬಂದ. ಈ ಸಲ ಅವಳು ಕೇಳೋಕೆ ಮೊದಲೇ ಹೇಳಿದ.

"ನಿಮ್ಮವ್ವ ಚಾಪೆ ಹಿಡಿದವ್ಳೆ ಕಣವ್ವ. ಎದ್ದು ಓಡಾಡೋ ಹಂಗಿಲ್ಲ. ಬರೋದಾದ್ರೆ ಬೇಗ ಬಾ. ಇನ್ನೊಂದು ಬೇಸಿಗೆ ದಾಟೋದು ಕಷ್ಟ."

ಹೊಂಬಾಳಿ ಅಳಲಿಲ್ಲ. ಕತ್ತೆ ಬೆನ್ನ ಮೇಲಿನ ಸುಣ್ಣದ ಚೀಲ ನೋಡ್ತಾ ನಿಂತ್ಲು. ಮರದ ತುಂಬ ಹೂವು, ಇಡೀ ಹಿತ್ತಲು ಗಮ್ ಅಂತಿತ್ತು. ಚೌಡಪ್ಪ ಮಾತ್ರ ಹೂವಿನ ಕಡೆ ತಿರುಗಲೂ ಇಲ್ಲ.

"ಯಾಕಣ್ಣ, ನಿನಗೆ ಸಂಪಿಗೆ ಹಿಡಿಸಾಕಿಲ್ವಾ?"

"ಹಿಡಿಸಾಕೆ ವಾಸನೆ ಗೊತ್ತಾಗಬೇಕಲ್ಲ ತಾಯಿ! ಇಪ್ಪತ್ತು ವರ್ಷ ಸುಣ್ಣದ ಗೂಡಲ್ಲಿ ದುಡಿದೋನು. ಆ ಧೂಳು ಮೂಗ ತಿಂದುಹಾಕ್ತು. ಹಳಸಿದ ಅನ್ನ ಯಾವುದು, ಬಿಸಿ ಅನ್ನ ಯಾವುದು ಅಂತ ನನ್ನ ಹೆಂಡತಿ ಹೇಳಬೇಕು."

ಹೊಂಬಾಳಿ ಒಳಕ್ಕೆ ಹೋಗಿ ಮೊರ ತಂದ್ಲು. ಆಮೇಲೆ, "ಗೋಡೆಗೆ ಬಳೀಬೇಕು, ಒಂದು ಮೊರ ಸುಡುಸುಣ್ಣ ಕೊಡಣ್ಣ" ಅಂದ್ಲು. ಕೊಟ್ಟ. ಅವನಿಗೇನು ಗೊತ್ತು?

ಆಮೇಲೆ ಏನಾಯ್ತು ಅಂತ ನಾನು ಬಿಡಿಸಿ ಹೇಳಾಕಿಲ್ಲ. ದಿನಾ ಬೆಳಿಗ್ಗೆ ಕೊಟ್ಟಿಗೇಲಿ ಕೂತು ಆ ಸುಣ್ಣವ ಒಂದು ಚಿಟಿಕೆ ಮೂಗಿಗೆ ಏರಿಸಿದ್ಲು. ರಕ್ತ ಬಂತು. ನಿಲ್ಲಿಸಲಿಲ್ಲ. ಕಣ್ಣು ಉಬ್ಬಿದವು. ನಿಲ್ಲಿಸಲಿಲ್ಲ. ಜ್ವರ ಬಂತು. ನಿಲ್ಲಿಸಲಿಲ್ಲ. ಮಳೆಗಾಲ ಕಳೀತು, ಚಳಿಗಾಲ ಕಳೀತು. ಒಂದು ದಿನ ಒಲೆ ಮೇಲಿದ್ದ ಹಾಲು ಸೀದು ಕರಕಲಾಯ್ತು. ಹೊಂಬಾಳಿ ಒಲೆ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸ್ತಿದ್ಲು.

"ಏನೇ, ಮೂಗು ಸತ್ತೈತಾ ನಿನಗೆ? ಬೀದಿ ತುದೀಗೆ ಬತ್ತಾ ಐತೆ ಸೀದ ವಾಸನೆ!" ಅಂತ ಸಾಕವ್ವ ಕಿರುಚಿದ್ಲು.

ಬೈಸ್ಕೊಂಡೋಳು ನಕ್ಕಳಂತೆ. ಒಂಬತ್ತು ವರ್ಷದಲ್ಲಿ ಅವಳು ನಕ್ಕಿದ್ದನ್ನ ಆ ಮನೆ ಗೋಡೆ ಕಂಡಿದ್ದು ಅವತ್ತೇ.

ಒಂಬತ್ತನೇ ವರ್ಷ. ಈ ಸಲ ಗಮ್ ಅನ್ನಲಿಲ್ಲ. ಅವಳಿಗೆ ಅನ್ನಲಿಲ್ಲ. ದಿನಾ ಬೆಳಕು ಹರಿಯೋ ಹೊತ್ತಿಗೆ ಮರದ ಕೆಳಗೆ ನಿಂತು ಒಂದೊಂದೇ ಕೊಂಬೆ, ಒಂದೊಂದೇ ಎಲೆ ಕಣ್ಣಲ್ಲಿ ಹುಡುಕಿದ್ಲು. ಮೊದಲ ದಿನ ಇಲ್ಲ. ಮಾರನೇ ದಿನ ನೋಡಿದ್ಲು, ಇಲ್ಲ. ಮೂರನೇ ವಾರಕ್ಕೆ ಕಾಣ್ತು. ಕಿತ್ತಳು. ಬಟ್ಟೆ ಕಟ್ಟಲಿಲ್ಲ, ಉಸಿರು ಹಿಡೀಲಿಲ್ಲ. ನೆಟ್ಟಗೆ ದೇವರ ಮುಂದೆ ಬಂದು ನಿಂತ್ಲು.

ದೀಪದ ಮೇಲೆ ಕೈ ಇಟ್ಟು, "ವಾಸನೆ ಬರಲಿಲ್ಲ" ಅಂದ್ಲು.

"ಸುಳ್ಳು! ಕಿತ್ತು ತಂದೋಳಿಗೆ ಬರಲಿಲ್ವಾ? ನನಗೆ ಇಲ್ಲಿಗೇ ಬತ್ತಾ ಐತೆ!"

"ಬರಲಿಲ್ಲ ಅತ್ತೆಮ್ಮ. ಈಗಲೂ ಬತ್ತಾ ಇಲ್ಲ. ಇನ್ನು ಯಾವತ್ತೂ ಬರಾಕಿಲ್ಲ."

ಸಾಕವ್ವ ಅವಳ ಮುಖ ನೋಡಿದ್ಲು. ಮೂಗಿನ ಹೊಳ್ಳೆ ಸುತ್ತ ಚರ್ಮ ಬೆಂದು ಬಿಳುಚಿತ್ತು. ಸೀದ ಹಾಲು ಜ್ಞಾಪಕಕ್ಕೆ ಬಂತು. ಗೋಡೆಗೆ ಬಳೀದೇ ಹೋದ ಸುಣ್ಣ ಜ್ಞಾಪಕಕ್ಕೆ ಬಂತು. ಹೂವ ತಗೊಂಡು ದೇವರ ಮೇಲೆ ಇಟ್ಟಳು.

"ಹೋಗು" ಅಂದ್ಲು.

ಮಡಿಲಕ್ಕಿ ಕಟ್ಟೋದ ಮರೆತ್ಲು. ಹೊಂಬಾಳಿ ಕೇಳಲಿಲ್ಲ. ಎರಡನೇ ಹೂವಿಗೆ ಮೂರು ದಿನ ಕಾದು, ಕಿತ್ತು, ಸೆರಗಲ್ಲಿ ಇಟ್ಕೊಂಡು ಹೊರಟಳು. ಮರಿದ್ಯಾವ ಹಿಂದೆ ಹಿಂದೆ ಬಂದ. ಊರ ಮುಂದೆ ತಿರುಗಿ ನಿಂತು, "ನೀವು ಬರಬ್ಯಾಡಿ" ಅಂದ್ಲು. ಅವನು ನಿಂತ. ನಿಲ್ಲು ಅಂದ್ರೆ ನಿಲ್ಲೋದು ಅವನಿಗೆ ಚೆನ್ನಾಗಿ ಬತ್ತಿತ್ತು.

ಒಂದು ಗುಡ್ಡ ದಾಟಿದ್ಲು. ಎರಡು ಗುಡ್ಡ ದಾಟಿದ್ಲು. ಹಳ್ಳ ದಾಟಿದ್ಲು. ಊಟದ ಹೊತ್ತಿಗೆ ತವರ ಬಾಗಿಲು ತಳ್ಳಿದ್ಲು. ಏನಂತೀರಿ, ಅವ್ವ ಇದ್ಲಾ, ಸತ್ತಿದ್ಲಾ?

ಇದ್ಲು. ಇದ್ಲು ಕಣ್ರವ್ವ, ಹೆದರಬ್ಯಾಡಿ. ಚಾಪೆ ಮೇಲೆ ಹಿಡಿಯಷ್ಟಾಗಿ ಮಲಗಿದ್ಲು.

"ಯಾರದು?"

ಹೊಂಬಾಳಿ ಹೋಗಿ ಅವಳ ಮುಂದೆ ತಲೆ ಬಗ್ಗಿಸಿ ಕೂತ್ಲು. ಮುದುಕಿ ತಡಕಾಡಿದ್ಲು. ತಲೆ ಸಿಕ್ತು. ಎಳ್ಕೊಂಡು ನೆತ್ತಿ ಮೂಸಿದ್ಲು.

"ನನ್ನ ಹೊಂಬಾಳಿ! ನನ್ನ ಮಗಾ ಬಂದೈತೆ!"

ಕಣ್ಣಿಲ್ಲದೋಳು ಮೂಗಲ್ಲೇ ಗುರುತು ಹಿಡಿದ್ಲು. ಒಂಬತ್ತು ವರ್ಷದ ಮೇಲೆ. ಇಬ್ಬರೂ ಅತ್ತರು. ಅಳಲಿ ಬಿಡಿ, ಅಷ್ಟೂ ಬೇಡ್ವಾ? ಅತ್ತು ಮುಗಿದ ಮೇಲೆ ಹೊಂಬಾಳಿ ಹೂವ ತೆಗೆದು ಅವ್ವನ ಕೈಗಿಟ್ಟಳು. ಮುದುಕಿ ಮೂಸಿ ಮೂಸಿ ನೋಡಿದ್ಲು.

"ಎಷ್ಟು ವರ್ಷ ಆಯ್ತೇ ಮಗಳೇ. ಇಷ್ಟು ಹತ್ತಿರದಲ್ಲಿದ್ದೆ. ಒಂದು ದಿನ ಹೇಳದೆ ಕೇಳದೆ ಓಡಿ ಬರಬಾರದಾಗಿತ್ತಾ?"

"ಬಂದಿದ್ರೆ ಒಳಕ್ಕೆ ಸೇರಿಸ್ತಿದ್ದೆಯಾ ಅವ್ವಾ?"

ಮುದುಕಿ ಹೂವ ಪಕ್ಕಕ್ಕಿಟ್ಟಳು. ಕಳಿಸಿಕೊಡದೆ ಓಡಿ ಬಂದ ಮಗಳನ್ನ ಯಾವ ಅವ್ವ ಇಟ್ಕೊಂಡಾಳು? ನೀವು ಇಟ್ಕೊತೀರಾ? ಕೈ ಎತ್ತಿ ನೋಡಾನ. ಯಾರೂ ಇಲ್ಲ. ಸಂಜೆಗೇ ತಿರುಗಿಸಿ ಕಳಿಸ್ತೀರಿ, ದಾರಿಗೆ ಬುತ್ತಿ ಕಟ್ಟಿ. ಅವಳೂ ಕಳಿಸ್ತಿದ್ಲು. ಇಬ್ಬರಿಗೂ ಅದು ಗೊತ್ತಿತ್ತು.

"ಬಾ, ಮಲಕ್ಕೋ" ಅಂದ್ಲು ಅವ್ವ. ಹೊಂಬಾಳಿ ಅವ್ವನ ಮಡಿಲಲ್ಲಿ ಮುಖ ಇಟ್ಟಳು. ಚಿಕ್ಕೋಳಿದ್ದಾಗ ಇಟ್ಟಂಗೇ. ಆ ಸೀರೆ ಅದೇ ಸೀರೆ. ಆ ಮಡಿಲು ಅದೇ ಮಡಿಲು. ಒಲೆ ಹೊಗೆ, ಹರಳೆಣ್ಣೆ, ಎಲೆ ಅಡಿಕೆ, ಬೆವರು, ಎಲ್ಲ ಸೇರಿ ಅವ್ವ ಅನ್ನೋದು ಒಂದು ವಾಸನೆ ಅಲ್ವೇನ್ರೇ? ಹೊಂಬಾಳಿ ಒಂದು ಸಲ ಉಸಿರೆಳೆದ್ಲು. ಏನೂ ಇಲ್ಲ. ಎರಡು ಸಲ ಎಳೆದ್ಲು. ಏನೂ ಇಲ್ಲ. ಮೂರನೇ ಸಲ ಸೀರೆ ಮುಖಕ್ಕೆ ಒತ್ತಿಕೊಂಡು, ಎದೆ ಬಿರಿಯೋ ಹಂಗೆ ಎಳೆದ್ಲು. ಗಾಳಿ ಬಂತು. ಬರೀ ಗಾಳಿ.

ಮುದುಕಿಗೆ ಕಣ್ಣು ಕಾಣದು, ಕಿವಿ ಕೇಳ್ತಿತ್ತು.

"ಯಾಕೆ ಮಗಾ, ಹಂಗೆ ಮೂಗೆಳೀತಾ ಇದ್ದೀಯಾ? ನೆಗಡಿಯಾ?"

"ಹೂಂ ಕಣವ್ವ. ನೆಗಡಿ."

"ಇರು, ಒಂದಿಷ್ಟು ಮೆಣಸಿನ ಸಾರು ಕಾಯಿಸಿಕೊಡ್ತೀನಿ. ನಾಳೆ ಹೊತ್ತಿಗೆ ಎಲ್ಲ ಬಿಟ್ಟು ಹೋಯ್ತದೆ" ಅಂತ ಆ ಮುದುಕಿ, ಚಾಪೆಯಿಂದ ಏಳಕ್ಕಾಗದೋಳು, ಗೋಡೆ ಹಿಡ್ಕೊಂಡು ಏಳಕ್ಕೆ ಹೋದ್ಲು.

ಅಷ್ಟೇ ಕಣ್ರವ್ವ. ಅವರ ಊರು ಅವರಿಗೆ, ನಮ್ಮೂರು ನಮಗೆ, ಕತೆ ದಾರಿ ಪಾಲಿಗೆ. ಏನೇ, ಹೂಂಗುಟ್ಟೋಳೇ, ಯಾಕೆ ಬಾಯಿ ಕಟ್ಟಿತು? ಅಳೋದಾದ್ರೆ ಅತ್ತ ತಿರುಗಿ ಅಳು, ಹುಣಸೆಹಣ್ಣಿಗೆ ಕಣ್ಣೀರು ಬಿದ್ದಾತು. ಮೂಲೇಲಿ ಕೂತಿದ್ದೀರಲ್ಲ, ನೀವು ಮೂವರು ಅತ್ತೇರು, ನಿಮಗೂ ಹೇಳ್ತೀನಿ. ಬರೋ ತಿಂಗಳು ಆಷಾಢ. ಗಾಡಿ ಕಟ್ಟಿಸಿ.